ರಂಗಪ್ಪನ ಬಲಗಾಲು

ಚಪ್ಪಲಿ ಅಂಗಡಿಯಲ್ಲಿ ಕೂತವನ ಕಣ್ಣು ಗಿರಾಕಿಯ ಮುಖಕ್ಕೆ ಬರುವುದು ಕೊನೆಯಲ್ಲಿ. ಮೊದಲು ಕಾಲು, ಆಮೇಲೆ ಜೇಬು, ಆಮೇಲೆ ಹೊತ್ತಿದ್ದರೆ ಮುಖ. ಆ ರೀತಿಯಲ್ಲಿ ಬಸರೀಕಟ್ಟೆಯ ಜೀಪು ಡ್ರೈವರ್ ರಂಗಪ್ಪನನ್ನು ತೂಗಿ ನೋಡಿದರೆ ಎರಡನೇ ದರ್ಜೆಯ ಮಾಲು ಎನ್ನಬೇಕು. ಎತ್ತರ ಇದೆ, ಅಗಲ ಇದೆ, ಹೊಟ್ಟೆ ಮಾತ್ರ ಡಬ್ಬದಲ್ಲಿ ಹಿಡಿಸದೆ ಹೊರಗೆ ಬಂದಿದೆ. ಬಣ್ಣ ಬಿಸಿಲಿಗೆ ಹೋಗಿದೆ. ಅಂಚಿನ ಹೊಲಿಗೆ ಅಲ್ಲಲ್ಲಿ ಬಿಟ್ಟಿದೆ. ಬಾಯಿ ಮಾತ್ರ, ವಯಸ್ಸು ಅರವತ್ತರ ಹತ್ತಿರವಾದರೂ, ಇವತ್ತು ಬಿಚ್ಚಿದ ಹೊಸ ಸಾಮಾನಿನ ಹಾಗಿದೆ. ಅಷ್ಟು ಬಳಸಿದ ವಸ್ತು ಅಷ್ಟು ಸವೆಯದೆ ಉಳಿದದ್ದನ್ನು ಜಯಪುರದ ಪೇಟೆ ಇನ್ನೊಂದು ಕಂಡಿಲ್ಲ. ಇನ್ನು ಕಾಲು. ಕಾಲಿನ ಗುಣವನ್ನು ಅವನೇ ವರ್ಣಿಸುತ್ತಿದ್ದ, ಕೇಳದವರನ್ನೂ ನಿಲ್ಲಿಸಿಕೊಂಡು ವರ್ಣಿಸುತ್ತಿದ್ದ.

“ಚಪ್ಪಲಿ ಹಾಕ್ಕಂಡು ಗಾಡಿ ಹೊಡೆಯೋನು ಡ್ರೈವರೇ ಅಲ್ಲ ಮಾರಾಯ. ಬ್ರೇಕು ಮಾತಾಡ್ತದೆ. ಅದನ್ನ ಪಾದದಲ್ಲೇ ಕೇಳಬೇಕು.”

ಹಾಗೆಂದು ಅವನು ಪ್ರತಿ ಬೆಳಿಗ್ಗೆ ಜೀಪು ಹತ್ತುವ ಮೊದಲು ದೇವಸ್ಥಾನದ ಬಾಗಿಲಲ್ಲಿ ಬಿಟ್ಟಂತೆ ಚಪ್ಪಲಿ ಬಿಡುತ್ತಿದ್ದ. ಅವನ್ನು ಸೀಟಿನಡಿ ನೂಕಿ, ಪೆಡಲನ್ನು ಒಮ್ಮೆ ಬಟ್ಟೆಯಲ್ಲಿ ಒರೆಸಿ, ಬರಿಗಾಲಿಟ್ಟು ಕೂರುತ್ತಿದ್ದ. ಕಾಫಿ ಎಸ್ಟೇಟಿಗೆ ಹೋಗುವ ಹೆಂಗಸರು ಅದು ಯಾವುದೋ ಹರಕೆ ಇರಬೇಕು ಎಂದುಕೊಂಡಿದ್ದರು. ಅಲ್ಲ ಎಂದು ಹೇಳುವಷ್ಟು ದಡ್ಡನಲ್ಲ ರಂಗಪ್ಪ.

ಮಳೆಗಾಲದಲ್ಲಂತೂ ಅವನದೇ ದರ್ಬಾರು. ತೋಟಕ್ಕೆ ಇಳಿದು ಬಂದವರೆಲ್ಲ ಬಟ್ಟೆ ಮೇಲೆತ್ತಿ, ಕಾಲ ಸಂದಿಯಲ್ಲಿ ಹರಿದಾಡಿ ರಕ್ತ ಹೀರುವ ಉಂಬಳಗಳನ್ನು ಕಿತ್ತು ಬಿಸಾಡುತ್ತ ಕುಣಿಯುವಾಗ ಇವನು ಬೀಡಿ ಹಚ್ಚಿ ನಿಂತಿರುತ್ತಿದ್ದ. ಹಿಮ್ಮಡಿಯಿಂದ ರಕ್ತ ಇಳಿಯುತ್ತಿದ್ದರೂ ಬಗ್ಗಿ ನೋಡುತ್ತಿರಲಿಲ್ಲ. “ಕಚ್ಚಲಿ ಬಿಡು. ನನ್ನ ರಕ್ತ ಕುಡಿದು ಅದು ಬದುಕಿದ್ರೆ ಆಮೇಲೆ ಹೇಳು” ಎನ್ನುತ್ತಿದ್ದ. ಗೊತ್ತಾಗದೆ ಇರುವುದಕ್ಕೆ ಶೌರ್ಯದ ಲೇಬಲ್ ಅಂಟಿಸಿ ಇಷ್ಟು ವರ್ಷ ಮಾರಿದ ವ್ಯಾಪಾರಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಹುಡುಕಿದರೂ ಸಿಗಲಿಕ್ಕಿಲ್ಲ.

ಒಳಗಿನ ಸಂಗತಿ ಬೇರೆ ಇತ್ತು. ಕೆಲವು ಕಾಲದಿಂದ ನೆಲವೇ ಅವನಿಗೆ ಬೇರೆಯಾಗಿ ತೋರುತ್ತಿತ್ತು. ಸಿಮೆಂಟಿನ ಮೇಲೆ ನಡೆದರೂ, ಜಲ್ಲಿಯ ಮೇಲೆ ನಡೆದರೂ ಮಡಿಸಿ ಹಾಸಿದ ಗೋಣಿಚೀಲದ ಮೇಲೆ ನಡೆದಂತೆ. ಮಲಗಿದಾಗ ಅಂಗಾಲು ಜುಮುಜುಮು ಎನ್ನುತ್ತಿತ್ತು, ಉರಿಯುತ್ತಿತ್ತು. ಆಮೇಲಾಮೇಲೆ ಅದೂ ನಿಂತಿತು. ಉರಿ ನಿಂತದ್ದು ವಾಸಿಯಾಗಿ ಎಂದು ರಂಗಪ್ಪ ತೀರ್ಪು ಕೊಟ್ಟುಕೊಂಡ. ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿ ಎಷ್ಟೋ ವರ್ಷವಾಗಿತ್ತು. “ಸ್ವಲ್ಪ ಶುಗರ್” ಎನ್ನುತ್ತಿದ್ದ ಇವನು, ಮನೆಯ ಮಾಡು ಸ್ವಲ್ಪ ಸೋರುತ್ತದೆ ಎನ್ನುವ ಧಾಟಿಯಲ್ಲಿ. ಮಾತ್ರೆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಹಳೇ ಫ್ಯೂಸುಗಳ ಜೊತೆ ಇರುತ್ತಿತ್ತು. ಎರಡನ್ನೂ ಅವನು ತೆಗೆಯುತ್ತಿದ್ದದ್ದು ಏನಾದರೂ ಕೆಟ್ಟಾಗ ಮಾತ್ರ.

ಒಂದು ದಿನ ಕೆಟ್ಟಿತು. ಎಸ್ಟೇಟಿನ ಏರು ದಾರಿ, ಮೊದಲ ಗೇರು, ತುಂಬಿದ ಜೀಪು. ಕಾಲಡಿಯ ರಬ್ಬರ್ ಮ್ಯಾಟು ಎಂದೋ ಸವೆದು ಹೋಗಿ ತಗಡು ಕಾಣುತ್ತಿತ್ತು. ಮುಂದಿನ ಸೀಟಿನಲ್ಲಿದ್ದವಳು ಯಲ್ಲಕ್ಕ. ಹಾವೇರಿ ಕಡೆಯಿಂದ ಬಂದು ಎಸ್ಟೇಟಿನ ಲೈನು ಮನೆಯಲ್ಲಿ ನೆಲೆಯೂರಿದವಳು, ಕಾಫಿ ಕೊಯ್ಯುವ ಹೆಂಗಸರ ಗುಂಪಿಗೆ ಮುಂದಾಳು. ಅವಳು ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡಳು.

“ಅಣ್ಣಾರ, ಕೆಳಗ ಒಲಿ ಹಚ್ಚೀರೇನು? ಕಾಲು ಇಡಾಕ ಆಗವಲ್ದು.”

“ಗೇರ್ ಬಾಕ್ಸಿನ ಬಿಸಿ ಯಲ್ಲಕ್ಕ. ನಾ ಬರಿಗಾಲಲ್ಲಿದೀನಿ ನೋಡು. ನಂಗೆಂತಾರೂ ಆತಾ?”

“ನಿಮ್ಮದು ಮನಷ್ಯಾರ ಕಾಲಲ್ಲ ಬಿಡ್ರಿ.”

ಇದನ್ನು ಹೊಗಳಿಕೆ ಎಂದು ಜೋಪಾನವಾಗಿ ಇಟ್ಟುಕೊಂಡು ರಂಗಪ್ಪ ಮಧ್ಯಾಹ್ನ ಜಯಪುರಕ್ಕೆ ಬಂದ. ಅಲ್ಲಿನ ಚಪ್ಪಲಿ ವ್ಯಾಪಾರಿ ಸುಲೈಮಾನ್‌ಗೆ ಕೊಪ್ಪದಿಂದ ಬಂದ ಮಾಲಿನ ಪೆಟ್ಟಿಗೆ ಇಳಿಸಬೇಕಿತ್ತು. ಪೆಟ್ಟಿಗೆ ಹೊತ್ತು ಒಳಗೆ ಬಂದವನು ಅದನ್ನು ಇಡುವ ಮೊದಲೇ ಯಲ್ಲಕ್ಕನ ಮಾತನ್ನು ಇಳಿಸಿದ.

ಸುಲೈಮಾನ್ ನೆಲ ನೋಡುತ್ತಿದ್ದ. “ರಂಗಪ್ಪಣ್ಣ, ನಿಮ್ಮ ಹಿಂದೆ ಯಾರೋ ಬಂದಾರೆ.”

ರಂಗಪ್ಪ ತಿರುಗಿದ. ಯಾರೂ ಇಲ್ಲ. ಬಾಗಿಲಿನಿಂದ ಗಲ್ಲಾದವರೆಗೆ ಒಂದೇ ಕಾಲಿನ ಹೆಜ್ಜೆಗಳು, ಒದ್ದೆಯಾಗಿ, ತುಸು ಕೆಂಪಾಗಿ.

“ಯಾರದು ಇದು?”

“ಒಂಟಿ ಕಾಲಿನೋನು. ಆದ್ರೆ ಬಲಗಾಲು ನಿಮ್ಮದರ ಹಾಗೇ ಇದೆ.”

ಚಪ್ಪಲಿ ತೊಟ್ಟು ನೋಡುವ ಸ್ಟೂಲಿನ ಮೇಲೆ ಕೂತು ಅವನು ಕಾಲು ಎತ್ತಿದ. ಹಿಮ್ಮಡಿಯ ಚರ್ಮ ಬೊಬ್ಬೆಯೆದ್ದು ಒಡೆದು ಒಂದು ಪಕ್ಕಕ್ಕೆ ಸರಿದಿತ್ತು. ಜೀಪಿನ ತಗಡು ಬೆಳಗಿನಿಂದ ಅದನ್ನು ಸುಡುತ್ತಲೇ ಇತ್ತು. ಬೇರೆ ಯಾರೋ ಮರೆತು ಹೋದ ಕಾಲನ್ನು ನೋಡುವ ಹಾಗೆ ರಂಗಪ್ಪ ಅದನ್ನು ನೋಡಿದ.

“ನೋವಿಲ್ವಾ?”

“ಇಲ್ಲ ಮಾರಾಯ್ರೇ.”

ಅದೇ ಮಾತನ್ನು ಊರೆಲ್ಲ ಎದೆ ಉಬ್ಬಿಸಿ ಹೇಳಿದ್ದವನು. ಅವತ್ತು ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

ಕೊಪ್ಪದ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದವಳು ಹೆಂಡತಿ ಪ್ರೇಮಕ್ಕ. ಮಾತು ಕಡಿಮೆ, ಆ ಮನೆಗೆ ಬೇಕಾದ ಮಾತನ್ನೆಲ್ಲ ಗಂಡನೇ ಮುಗಿಸಿಬಿಡುವುದರಿಂದ ಅವಳ ಪಾಲಿಗೆ ಉಳಿಯುತ್ತಿದ್ದದ್ದು ಕೆಲಸ. ಗಾಯ ತೊಳೆದು ಕಟ್ಟಿದ ಮೇಲೆ ಅರ್ಪಿತಾ ಎಂಬ ನರ್ಸು ನೈಲಾನ್ ದಾರದ ಗಿಡ್ಡ ತುಂಡಿದ್ದ ಕಡ್ಡಿಯೊಂದನ್ನು ತಂದಳು.

“ಕಣ್ಣು ಮುಚ್ಚಿ. ಪಾದಕ್ಕೆ ದಾರ ತಾಗಿದ ಕೂಡ್ಲೇ ‘ಹೂಂ’ ಅನ್ನಿ.”

ಎಸ್ಟೇಟಿನ ಮೇಸ್ತ್ರಿಗಳಿಗೇ ಟೋಪಿ ಹಾಕಿದವನಿಗೆ ಇದೊಂದು ಪರೀಕ್ಷೆಯೇ? ರಂಗಪ್ಪ ಕಣ್ಣು ಮುಚ್ಚಿ, ಅವಳ ಉಸಿರಾಟ ಕೇಳಿ, ಕುರ್ಚಿ ಕಿರುಗುಟ್ಟಿದ ಸದ್ದು ಹಿಡಿದು, ಅಂದಾಜಿನ ಮೇಲೆ “ಹೂಂ” ಎಂದ. ತಡೆದು “ಹೂಂ” ಎಂದ. ಮತ್ತೆ, ನಂಬಿಗೆ ಬರಲೆಂದು, ತುಸು ನೋವಾದವನ ಹಾಗೆ “ಹೂಂ” ಎಂದ. ಪ್ರೇಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತೆರೆದರೆ ಅರ್ಪಿತಾ ಕಿಟಕಿಯ ಹತ್ತಿರ ನಿಂತು ಕೈ ತೊಳೆಯುತ್ತಿದ್ದಳು.

“ಯಾರು ಮುಟ್ಟಿದ್ದು ಅಂಕಲ್?” ಎಂದಳು.

ನಿಜವಾಗಿ ಮುಟ್ಟಿದಾಗ, ಹೆಬ್ಬೆರಳ ಬುಡದಲ್ಲೂ ಹಿಮ್ಮಡಿಯಲ್ಲೂ ಅವನಿಗೆ ಗೊತ್ತಾಗಲಿಲ್ಲ. ಸಕ್ಕರೆ ಏರಿ ಏರಿ ಪಾದದ ನರ ಸತ್ತಿದೆ, ಹೋದ ಸ್ಪರ್ಶ ಪೂರ್ತಿ ಮರಳುತ್ತದೆ ಎಂದು ಹೇಳಲಾಗದು, ಇರುವುದನ್ನು ಕಾಯಬೇಕು ಎಂದು ಡಾಕ್ಟರು ಹೇಳಿದರು. ನೋವು ಕೂಗಿ ಹೇಳುತ್ತಿದ್ದ ಕೆಲಸವನ್ನು ಇನ್ನು ಕಣ್ಣು, ಕೈ ಮಾಡಬೇಕು; ಇಲ್ಲದಿದ್ದರೆ ಹೀಗೇ ಒಂದು ಗಾಯ ಕೊಳೆತು ಬೆರಳು ತೆಗೆಯಬೇಕಾಗುತ್ತದೆ, ಆಮೇಲೆ ಪಾದ. ಜೊತೆಗೆ ಇನ್ನೊಂದು ಮಾತು. “ಪೆಡಲು ಎಷ್ಟು ಒತ್ತಿದೀನಿ ಅಂತ ಕಾಲಿಗೆ ಗೊತ್ತಾಗಲ್ಲ ಅಂದ್ರೆ, ಜನರನ್ನ ಕೂರಿಸ್ಕೊಂಡು ಗಾಡಿ ಓಡಿಸಬೇಡಿ.”

“ಒತ್ತಿದ್ದು ಗೊತ್ತಾಗ್ತದೆ ಸಾರ್,” ಎಂದ ರಂಗಪ್ಪ. “ಜೀಪು ನಿಲ್ತದಲ್ಲ.”

ಹೊರಡುವಾಗ ಅರ್ಪಿತಾ ಪ್ರೇಮಕ್ಕನಿಗೇ ಹೇಳಿದಳು, ಯಾರಿಗೆ ಹೇಳಿದರೆ ಉಪಯೋಗ ಎಂದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು. ಮನೆಯೊಳಗೂ ಬರಿಗಾಲು ಬೇಡ. ಬಚ್ಚಲಲ್ಲಿ ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿ ಆಮೇಲೆ ಕಾಲಿಗೆ ಹಾಕಬೇಕು, ಒಲೆ ಮುಂದೆ ಕಾಲು ಚಾಚಿ ಕೂರಬಾರದು. ದಿನಾ ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು. ಉಂಬಳ ಕಚ್ಚಿದರೆ ಸುಣ್ಣ, ತಂಬಾಕು ಮೆತ್ತಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. “ಮತ್ತೆ ಶೂ ಹಾಕೋ ಮೊದಲು ಒಳಗೆ ಕೈ ಹಾಕಿ ನೋಡಬೇಕು ಆಂಟಿ. ಕಲ್ಲೋ ಮುಳ್ಳೋ ಇದ್ರೆ ಇವರಿಗೆ ಗೊತ್ತಾಗಲ್ಲ.”

ಹಿಮ್ಮಡಿ ಮಾಯುವವರೆಗೆ ರಂಗಪ್ಪ ಜಗಲಿಯಲ್ಲಿ ಕೂತ. ಕೂರುವುದೂ ಒಂದು ಶಿಕ್ಷೆ, ಮುಖ್ಯವಾಗಿ ಪ್ರೇಮಕ್ಕನಿಗೆ. ಆ ದಿನಗಳಲ್ಲಿ ಜೀಪು ಓಡಿಸಿದವನು ಅವಳ ಅಕ್ಕನ ಮಗ ಯಶವಂತ. ಅವನು ಚಪ್ಪಲಿ ಹಾಕಿಕೊಂಡು ಓಡಿಸುತ್ತಿದ್ದ; ರಂಗಪ್ಪನಿಗೆ ತನ್ನ ಗಾಯಕ್ಕಿಂತ ಹೆಚ್ಚು ಉರಿದದ್ದು ಅದು. ಜೀಪು ಕೈಬಿಟ್ಟರೆ ತನ್ನಲ್ಲಿ ಉಳಿಯುವುದು ಏನು ಎಂದು ಅವನು ಒಳಗೊಳಗೇ ನೋಡಿಕೊಂಡ. ಬಾಯಿ ಮಾತ್ರ ಕಂಡಿತು. ಅದನ್ನು ಕಂಡು ಅವನಿಗೆ ಹೆದರಿಕೆಯಾಯಿತು.

ಗಾಯ ಮಾಯ್ದ ಮೇಲೆ ಗಂಡ ಹೆಂಡತಿ ಸುಲೈಮಾನ್ ಅಂಗಡಿಗೆ ಬಂದರು. ಸುಲೈಮಾನ್ ಅಳತೆ ನೋಡಿ ಅಗಲ ಮೂತಿಯ ಒಂಬತ್ತನೇ ಸೈಜಿನ ಶೂ ಕೊಟ್ಟ.

“ಇದು ಲೂಸು. ಏಳು ಕೊಡಿ.”

“ನಿಮ್ಮ ಕಾಲು ಒಂಬತ್ತು ರಂಗಪ್ಪಣ್ಣ.”

“ಏಳು ಹಾಕಿದ್ರೆ ಹಿಡೀತದೆ. ಇದು ಹಾಕಿದ್ದೇ ಗೊತ್ತಾಗ್ತಿಲ್ಲ.”

“ನಿಮಗೆ ಗೊತ್ತಾಗಬೇಕು ಅಂದ್ರೆ ಮೊಳೆ ಹೊಡೀಬೇಕು.” ಸುಲೈಮಾನ್ ಒಂದು ರಟ್ಟು ಹಾಕಿ ಅದರ ಮೇಲೆ ರಂಗಪ್ಪನ ಪಾದ ನಿಲ್ಲಿಸಿ ಸುತ್ತ ಗೆರೆ ಎಳೆದ. ಏಳನೇ ಸೈಜಿನ ಶೂ ತಂದು ಮೇಲಿಟ್ಟ. ಬೆರಳುಗಳ ಗೆರೆ ಶೂವಿನ ಎರಡೂ ಬದಿ ಹೊರಗೆ ಉಳಿಯಿತು. “ಈ ಉಳಿದದ್ದನ್ನ ಎಲ್ಲಿ ಇಡ್ತೀರಿ?”

ರಂಗಪ್ಪ ರಟ್ಟನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ. “ರಟ್ಟು ದೊಡ್ಡದಾತು” ಎಂದ.

ಪ್ರೇಮಕ್ಕ ಒಂಬತ್ತನೇ ಸೈಜನ್ನು ಚೀಲಕ್ಕೆ ಹಾಕಿಕೊಂಡಳು.

ಶೂ ಬಂದದ್ದೇ ಡಾಕ್ಟರ ಮಾತು ಮುಗಿಯಿತು ಎಂದು ರಂಗಪ್ಪ ಮತ್ತೆ ಜೀಪು ಹತ್ತಿದ. ಬರಿಗಾಲಲ್ಲಿ ಹೊಡೆದದ್ದು ತಾನೇ ತಪ್ಪು? ಈಗ ಶೂ ಇದೆ. ವಾರ ಕಳೆಯುವುದರೊಳಗೆ ಜಯಪುರದ ತಿರುವಿನಲ್ಲಿ ಜೀಪು ನಿಲ್ಲಬೇಕಾದಲ್ಲಿ ನಿಲ್ಲದೆ ಡೈರಿ ಮುಂದಿಟ್ಟಿದ್ದ ಹಾಲಿನ ಕ್ಯಾನುಗಳನ್ನು ಉರುಳಿಸಿತು. ಆ ಕ್ಯಾನುಗಳ ಪಕ್ಕದಿಂದ ಆಗಷ್ಟೇ ಒಬ್ಬ ಮುದುಕಿ ಎದ್ದು ಹೋಗಿದ್ದಳು. ಬ್ರೇಕು ಕೆಟ್ಟಿದೆ ಎಂದು ಕೂಗಾಡುತ್ತ ರಂಗಪ್ಪ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿ ಮತ್ತೆ ಹಾಕಿದ.

“ಬ್ರೇಕು ಮದುಮಗನ ಹಾಗಿದೆ ರಂಗಣ್ಣ. ಪೆಡಲಿನ ಮೇಲಿಡೋ ಸಾಮಾನು ಚೆಕ್ ಮಾಡ್ಸಿ.”

ಈ ಸುದ್ದಿ ಬಸರೀಕಟ್ಟೆಗೆ ರಂಗಪ್ಪನಿಗಿಂತ ಮೊದಲೇ ತಲುಪಿತ್ತು. ಮಾರನೇ ಬೆಳಿಗ್ಗೆ ಗೋಡೆಯ ಮೊಳೆಯಲ್ಲಿ ಜೀಪಿನ ಕೀ ಇರಲಿಲ್ಲ.

“ಕೀ ಎಲ್ಲಿ?”

“ಇಟ್ಟೀನಿ,” ಎಂದಳು ಪ್ರೇಮಕ್ಕ ಒಲೆಯ ಮುಂದಿನಿಂದ.

“ಎಲ್ಲಿಟ್ಟೀಯೆ?”

“ನೀವು ದಿನಾ ಬೆಳಿಗ್ಗೆ ಕೈ ಹಾಕಿ ನೋಡ್ಬೇಕು ಅಂತ ಆ ಹುಡುಗಿ ಹೇಳಿತ್ತಲ್ಲ, ಅಲ್ಲಿ. ಸಿಕ್ಕಿದ್ರೆ ಜೀಪು ನಿಮ್ದು, ನಾ ಇನ್ನು ಬಾಯಿ ಬಿಡದಿಲ್ಲ. ಅನ್ನ ಆಗೋದ್ರೊಳಗೆ ಸಿಗ್ದಿದ್ರೆ ಇನ್ನು ಮೇಲೆ ಯಶವಂತನೇ ಹೊಡೀಲಿ.”

“ಆತು. ಸಿಕ್ಕಿದ ಮೇಲೆ ಎಲ್ಲರ ಮುಂದೆ ಹೇಳು ಇದನ್ನ.”

“ಮೊದ್ಲು ಶೂ ಹಾಕ್ಕಳಿ. ಬರಿಗಾಲಲ್ಲಿ ಓಡಾಡಬೇಡಿ.”

ರಂಗಪ್ಪ ಬಾಗಿಲ ಬಳಿಯ ಶೂ ಎಳೆದು ಕಾಲು ತೂರಿಸಿದ. ಒಮ್ಮೆ ನೆಲಕ್ಕೆ ತುಳಿದು ಮುಖ ಅರಳಿಸಿದ. “ನೋಡು, ಇವತ್ತು ಹಿಡೀತು ಇದು. ಅಂಗಡಿ ಸಾಹೇಬ್ರು ಕೊಟ್ಟಾಗ ಲೂಸಿತ್ತು.” ಪ್ರೇಮಕ್ಕನ ಕೈಯ ಸೌಟು ಅಲ್ಲೇ ನಿಂತಿತು. ಅವಳು ಒಲೆಯ ಕಡೆ ತಿರುಗಿ, ಬೆಂಕಿಯನ್ನು ದೊಡ್ಡದು ಮಾಡಿದಳು.

ದಿನಾ ಕೈ ಹಾಕುವ ಜಾಗ ಎಂದದ್ದಕ್ಕೆ ಅವನು ನೇರವಾಗಿ ಹೋದದ್ದು ಬೆಲ್ಲದ ಡಬ್ಬಿಗೆ.

“ಅದು ಕೈ ಹಾಕಬಾರದ ಜಾಗ,” ಎಂದಳು ಒಳಗಿನಿಂದ. “ಅಂತೂ ಗೊತ್ತಾತು.”

ಅಂಗಿಯ ಜೇಬು ನೋಡಿದ. ಬೀಡಿ ಕಟ್ಟು ಬಿಚ್ಚಿದ. ಮಾತ್ರೆ ಇಡುವ ಜಾಗ ಇರಬಹುದು ಎಂದು ಹೊಳೆದು ಜೀಪಿಗೆ ಓಡಿ ಡ್ಯಾಶ್‌ಬೋರ್ಡು ಖಾಲಿ ಮಾಡಿದ. ದೇವರ ಪಟದ ಹಿಂದೆ ಕೈ ಆಡಿಸಿ ಜೇಡರ ಬಲೆ ತಂದ. ಕೋಳಿ ಬುಟ್ಟಿಗೆ ಕೈ ಹಾಕಿ ಕುಟುಕಿಸಿಕೊಂಡ. ಕೈಗೆ ಮಾತ್ರ ಗೊತ್ತಾಯಿತು. ಜೀಪು ಬಾರದ್ದನ್ನು ಕಂಡು ಯಲ್ಲಕ್ಕ ರಸ್ತೆಯಿಂದ ಇಳಿದು ಬಂದು ಅಂಗಳದಲ್ಲಿ ನಿಂತಳು. ಅವಳ ಹಿಂದೆ ಅವಳ ಗುಂಪು.

“ಏನು ಕಳಕೊಂಡೀರಿ ಅಣ್ಣಾರ?”

“ಇವಳಿಗೆ ತಲೆ ಕೆಟ್ಟದೆ. ಕೀ ಅಡಗಿಸಿ ನಂಗೆ ಪರೀಕ್ಷೆ ಮಾಡ್ತಾಳೆ!”

ಹೇಳುತ್ತ ಅವನು ಜಗಲಿ ಇಳಿದ, ಹತ್ತಿದ, ಕೊಟ್ಟಿಗೆಗೆ ಹೋಗಿ ಬಂದ. ಆ ಮನೆಯಲ್ಲಿ ಅವನು ಅಷ್ಟು ನಡೆದದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು.

ಅನ್ನ ಆಯಿತು. ಪ್ರೇಮಕ್ಕ ಗಂಜಿ ಬಸಿಯಲೂ ನಿಲ್ಲದೆ ಹೊರಗೆ ಬಂದಳು. “ಕೂತ್ಕಳಿ” ಎಂದಳು. ಕೂತ. ಅವಳು ಅವನೆದುರು ನೆಲದಲ್ಲಿ ಕೂತು ಬಲಗಾಲಿನ ಶೂ ಬಿಚ್ಚಿ ತಲೆಕೆಳಗು ಮಾಡಿದಳು. ಒಂದು ಬಟ್ಟೆಯ ಗಂಟು ಬಿತ್ತು. ಗಾಯವಾಗದಿರಲೆಂದು ಹಳೇ ಸೀರೆಯ ಚೂರಿನಲ್ಲಿ ಸುತ್ತಿದ್ದಳು. ಸುಲಿಯದ ಅಡಿಕೆಯಷ್ಟು ದಪ್ಪ. ಬಿಚ್ಚಿದರೆ ಜೀಪಿನ ಕೀ.

ಮೊದಲು ನಕ್ಕವಳು ಯಲ್ಲಕ್ಕ. ನಗುತ್ತ ನಗುತ್ತ ಅವಳ ಮುಖ ಬದಲಾಯಿತು. ಅವಳು ಆ ಗಂಟನ್ನು ನೋಡಿದಳು, ಅಂಗಾಲಿನಲ್ಲಿ ಬಿದ್ದ ಗುಳಿಯನ್ನು ನೋಡಿದಳು, ತನ್ನ ಹಿಂದೆ ನಿಂತ ಹೆಂಗಸರನ್ನು ನೋಡಿದಳು.

“ಇದ ಕಾಲಿನ ಮ್ಯಾಲೆ ಜೀವಾ ಇಟ್ಟ ದಿನಾ ಹೊಂಟಿದ್ವಲ್ರಿ ಅಣ್ಣಾರ.”

ರಂಗಪ್ಪನ ಬಾಯಿ ತೆರೆಯಿತು. ಏನೂ ಬರಲಿಲ್ಲ. ಪ್ರೇಮಕ್ಕ ಅವನ ಅಂಗಾಲನ್ನು ಬೆಳಕಿಗೆ ತಿರುಗಿಸಿ, ಗೀರು ಬಿದ್ದಿಲ್ಲವೆಂದು ನೋಡಿ, ಕೆಳಗಿಟ್ಟಳು. “ಕೈ ಹಾಕಿ ನೋಡಿದ್ರೆ ಆಗ್ಲೇ ಸಿಕ್ತಿತ್ತು” ಎಂದಳು. ಗೆದ್ದವಳ ದನಿ ಅದಾಗಿರಲಿಲ್ಲ. ಅವನು ಶೂ ಕೊಡವಿ ಹಾಕಿಕೊಳ್ಳುತ್ತಾನೆ, ಕೀ ಸಿಗುತ್ತದೆ, ತಾನು ಸೋಲುತ್ತೇನೆ ಎಂದೇ ಅವಳು ಎಣಿಸಿದ್ದಳು. ಸೋತಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಸುಲೈಮಾನ್ ಅಂಗಡಿಯಲ್ಲಿ ಹೇಳಿದಳು. ಮಾತು ಕೇಳುವ ಗಂಡ ಎಂದಾದರೂ ಗೊತ್ತಾಗುತ್ತಿತ್ತಲ್ಲ.

ಕೀ ಯಶವಂತನ ಕೈಗೆ ಹೋಯಿತು. ರಂಗಪ್ಪ ಪಕ್ಕದ ಸೀಟಿಗೆ ಸರಿದ. ತಗಡಿನ ಮೇಲೆ ಹೊಸ ಮ್ಯಾಟು, ಕಾಲಿನಲ್ಲಿ ಶೂ, ಪ್ರತಿ ತಿರುವಿಗೂ ಸಲಹೆ. ಬಾಯಿ ಮರಳಿ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಕೀ ಶೂವಿನಲ್ಲಿರುವುದು ತನಗೆ ಮೊದಲೇ ಗೊತ್ತಿತ್ತೆಂದೂ, ಹೆಂಡತಿ ಎಲ್ಲಿಯವರೆಗೆ ಹೋಗುತ್ತಾಳೆಂದು ನೋಡಲು ಸುಮ್ಮನಿದ್ದೆನೆಂದೂ ಜಯಪುರದಲ್ಲಿ ಹೇಳಿದ. ಯಾರೂ ನಂಬಲಿಲ್ಲ. ಅವನಿಗೆ ಅದರಿಂದ ತೊಂದರೆಯೂ ಆಗಲಿಲ್ಲ.

ಆಮೇಲೆ ಶುರುವಾದದ್ದು ಇನ್ನೊಂದು ಕಾಟ. ಮೀನಿನ ಗಾಳದ ನೈಲಾನ್ ದಾರದ ತುಂಡೊಂದನ್ನು ಪೆನ್ನಿನ ಮೂತಿಗೆ ಸಿಕ್ಕಿಸಿಕೊಂಡು ರಂಗಪ್ಪ ಚಪ್ಪಲಿ ಅಂಗಡಿಯ ಬೆಂಚಿನಲ್ಲಿ ನೆಲೆಸಿದ. ಚಪ್ಪಲಿ ಕೊಳ್ಳಲು ಬಂದವರನ್ನು ಕೂರಿಸಿ ಕಣ್ಣು ಮುಚ್ಚಿಸುವುದು, ಪಾದ ಚುಚ್ಚುವುದು. ಗೊತ್ತಾಗದವರನ್ನು ಕೊಪ್ಪಕ್ಕೆ ಅಟ್ಟುವುದು, ಗೊತ್ತಾದವರಿಗೆ “ಇನ್ನೂ ಟೈಮಿದೆ” ಎಂದು ಹೆದರಿಸುವುದು. ಅವಸರದಲ್ಲಿದ್ದ ಗಿರಾಕಿಗಳು ಎದುರಿನ ಅಂಗಡಿಗೆ ಹೋಗತೊಡಗಿದರು. ಇವನನ್ನು ಏಳಿಸುವ ದಾರಿ ಕಾಣದೆ ಸುಲೈಮಾನ್ ಒಂದು ಮಧ್ಯಾಹ್ನ ಗಲ್ಲಾ ಬಿಟ್ಟು ಬಂದು ತಾನೇ ಸ್ಟೂಲಿನ ಮೇಲೆ ಕಾಲಿಟ್ಟ.

“ಮಾಡಿ ಮುಗಿಸಿ ಮಾರಾಯ್ರೇ. ಆಮೇಲೆ ಮನೆಗೆ ಹೋಗಿ.”

“ಕಣ್ಣು ಮುಚ್ಚಿ ಸಾಹೇಬ್ರೇ. ತಾಗಿದ ಕೂಡ್ಲೇ ಹೂಂ ಅನ್ನಿ.”

ಸುಲೈಮಾನ್ ಕಣ್ಣು ಮುಚ್ಚಿ “ಹೂಂ” ಎಂದ. ಬೇಗ ಮುಗಿಯಲಿ ಎಂದು ಮತ್ತೆ “ಹೂಂ, ಹೂಂ” ಎಂದ. ಕಣ್ಣು ತೆರೆದರೆ ರಂಗಪ್ಪನ ಎರಡೂ ಕೈ ಮಂಡಿಯ ಮೇಲಿದ್ದವು. ಪೆನ್ನು ಜೇಬಿನಲ್ಲಿತ್ತು.

“ನಾ ಇನ್ನೂ ಶುರುನೇ ಮಾಡ್ಲಿಲ್ಲ ಸಾಹೇಬ್ರೇ.”

ಅವನು ನಗಲಿಲ್ಲ. ಅಷ್ಟು ಒಳ್ಳೆಯ ಅವಕಾಶವನ್ನು ರಂಗಪ್ಪ ಬಿಟ್ಟುಕೊಟ್ಟದ್ದು ಅದೊಂದೇ ಸಲ. ಮತ್ತೆ ಕಣ್ಣು ಮುಚ್ಚಿಸಿ, ಪೆನ್ನು ತೆಗೆದು, ಈಗ ನಿಜವಾಗಿ, ನಿಧಾನವಾಗಿ ಪಾದದ ಒಂದೊಂದೇ ಜಾಗ ಮುಟ್ಟಿದ. ಎಡಗಾಲ ಹೆಬ್ಬೆರಳ ಕೆಳಗೆ ಮುಟ್ಟಿದಾಗ ಸುಲೈಮಾನ್ ಸುಮ್ಮನಿದ್ದ. ಮತ್ತೆ ಮುಟ್ಟಿದ. ಸುಲೈಮಾನ್ ಸುಮ್ಮನೇ ಇದ್ದ. ರಂಗಪ್ಪ ಎದ್ದು ಹೊರಗೆ ಹೋಗಿ ಯಶವಂತನನ್ನು ಕೂಗಿದ, “ಗಾಡಿ ತಿರುಗ್ಸು, ಕೊಪ್ಪಕ್ಕೆ ಹೋಗೋದಿದೆ.” ಬಾಗಿಲು ಹಾಕುವಾಗ ಸುಲೈಮಾನ್ ಏನೋ ನೆಪ ಹೇಳಿದ. ಆ ನೆಪವನ್ನು ತಾನು ಬಹಳ ವರ್ಷ ಬಳಸಿದ್ದರಿಂದ ರಂಗಪ್ಪ ಅದಕ್ಕೆ ಕಿವಿಗೊಡಲಿಲ್ಲ. ಆಸ್ಪತ್ರೆಯಲ್ಲಿ ಸುಲೈಮಾನನ ರಕ್ತದಲ್ಲೂ ಸಕ್ಕರೆ ಸಿಕ್ಕಿತು, ಗಾಯ ಆಗುವ ಮೊದಲೇ ಸಿಕ್ಕಿತು.

ಆ ಸುಲೈಮಾನನೇ ಇದನ್ನು ಬರೆಯುತ್ತಿರುವವನು. ಗಿರಾಕಿಗಳು ಚಪ್ಪಲಿ ತೊಟ್ಟು ನೋಡಿಕೊಳ್ಳಲು ಅಂಗಡಿಯಲ್ಲಿ ನೆಲಮಟ್ಟಕ್ಕೆ ಒಂದು ಕನ್ನಡಿ ಇದೆ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ, ಬೋಣಿಗೂ ಮೊದಲು, ಅವನು ಅದರಲ್ಲಿ ತನ್ನ ಎರಡು ಅಂಗಾಲು ನೋಡಿಕೊಳ್ಳುತ್ತಾನೆ. ಆಗ ರಂಗಪ್ಪ ಬೆಂಚಿನಿಂದ “ಕಿರುಬೆರಳ ಸಂದಿ ಬಿಟ್ರಿ” ಎಂದು ಕೂಗುತ್ತಾನೆ. ಅವನ ಬಾಯಿ ಇನ್ನೂ ಸವೆದಿಲ್ಲ, ಗಿರಾಕಿಗಳು ಇನ್ನೂ ಎದುರಿನ ಅಂಗಡಿಗೆ ಹೋಗುತ್ತಾರೆ. ಸುಲೈಮಾನನ ಎರಡೂ ಪಾದದಲ್ಲಿ ಇವತ್ತಿಗೂ ಗಾಯವಿಲ್ಲ. ಅದಕ್ಕಾಗಿ ಅವನು ರಂಗಪ್ಪನಿಗೆ ಋಣಿ.